ಟಾರ್ಪ್ಲಿಯ ಬಲಗಾಲು

ಎಲ್ಲಕ್ಕೂ ಮೂಲ ಒಂದು ಪೆಡಲ್. ಅದರ ಒಂದು ವೈರನ್ನು ಗಿಟಾರಿಗೆ, ಇನ್ನೊಂದನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಕಾಲಿನಿಂದ ಅದುಮಿದರೆ, ಮೀಟಿದ ತಂತಿ ‘ವ್ವಾ... ವ್ವಾ...’ ಎಂದು ಹಾಲಿಗೆ ಹಟ ಹಿಡಿದ ಕೂಸಿನಂತೆ ರಾಗ ಎಳೆಯುತ್ತಿತ್ತು. ಶಿಕಾಗೋದ ಸೌತ್ ಸೈಡಿನಲ್ಲಿ ಕಪ್ಪು ಜನರ ಬ್ಲೂಸ್ ಹಾಡಿಯೇ ತಲೆ ನರೆಸಿಕೊಂಡಿದ್ದ ಹೊಸಿಯ ಟಾರ್ಪ್ಲಿಗೆ ರೆಕಾರ್ಡ್ ಕಂಪನಿಯವರೇ ಅದನ್ನು ಕಳಿಸಿದ್ದರು.

“ಈಗ ಉದ್ದಗೂದಲಿನ ಹುಡುಗರ ಕಾಲ, ಟಾರ್ಪ್ಲಿ. ಅವರಿಗೆ ಸೈಕೆಡೆಲಿಕ್ ರಾಕ್ ಬೇಕು. ಕೇಳಿದ್ರೆ ತಲೆ ಗಿರ್ ಅನ್ನಬೇಕು. ಶುಕ್ರವಾರ ರೆಕಾರ್ಡಿಂಗಿಗೆ ಬಂದು ನಿನ್ನ ಹಳೇ ಹಾಡುಗಳನ್ನೇ ಇದರ ಮೇಲೆ ಕಾಲಿಟ್ಟು ನುಡಿಸು” ಎಂದಿದ್ದ ಮ್ಯಾನೇಜರ್.

ಕಷಾಯ ಕುಡಿಯುವವನ ಮುಖ ಮಾಡಿಕೊಂಡು ಟಾರ್ಪ್ಲಿ ಒಪ್ಪಿದ್ದ. ಶುಕ್ರವಾರ ಬಂದೇ ಬಿಟ್ಟಿತು. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಾಫಿ ಅರ್ಧಕ್ಕೆ ಬಿಟ್ಟು, ಬನಿಯನ್ನಿನಲ್ಲೇ ಮತ್ತೆ ಪೆಡಲ್ ತುಳಿಯತೊಡಗಿದ.

“ಯಾವ ಬೆಕ್ಕಿನ ಬಾಲ ತುಳೀತಿದ್ದೀಯ ಮಾರಾಯ?” ಅಡುಗೆಮನೆಯಿಂದ ಹೆಂಡತಿ ವರ್ನೆಲ್ ಕೂಗಿದಳು.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ಮೇಲಿನ ಮನೆಯ ಓಡೆಸ್ಸಾ. ಭಾನುವಾರ ಚರ್ಚಿಗೆ ಹಾಕಿಕೊಳ್ಳುವ ಟೋಪಿಯನ್ನು ಶುಕ್ರವಾರವೇ ತಲೆಗೇರಿಸಿಕೊಂಡು ಬಂದಿದ್ದಳು.

“ಯಾರ ಮಗು ಅದು, ಟಾರ್ಪ್ಲಿ?”

“ಯಾವ ಮಗು?”

“ಮುಚ್ಚಿಡಬೇಡ. ಎರಡು ದಿನದಿಂದ ಅಳ್ತಾ ಇರೋದು ಇಡೀ ಬಿಲ್ಡಿಂಗಿಗೆ ಕೇಳಿದೆ. ವರ್ನೆಲ್ ವಯಸ್ಸಿಗಂತೂ ಅದು ಅವಳದ್ದಲ್ಲ. ಹಾಗಿದ್ರೆ ಯಾರದ್ದು?”

ಸೌಟು ಹಿಡಿದು ವರ್ನೆಲ್ ಹೊರಬಂದಳು. ಅವಳ ಮುಖದಲ್ಲೂ ಅದೇ ಪ್ರಶ್ನೆ ಮೊಳೆಯುತ್ತಿರುವುದನ್ನು ಕಂಡು ಟಾರ್ಪ್ಲಿಗೆ ಬೆವರೊಡೆಯಿತು. “ಇದೇ ನೋಡಿ ಮಗು!” ಎಂದು ಪೆಡಲ್ ಒತ್ತಿ ತಂತಿ ಮೀಟಿದ. ಓಡೆಸ್ಸಾ ಹೌಹಾರಿ, ಆಂಪ್ಲಿಫೈಯರಿನ ಮೇಲೆ ಕೈಯಿಟ್ಟು “ಸೈತಾನನೇ, ತೊಲಗು!” ಎಂದಳು. ಗಾಬರಿಗೆ ಟಾರ್ಪ್ಲಿಯ ಕಾಲು ಇನ್ನೊಮ್ಮೆ ಒತ್ತಿತು. ಸೈತಾನ “ವ್ವಾ!” ಎಂದು ಜವಾಬು ಕೊಟ್ಟ. ಓಡೆಸ್ಸಾ ಹಿಂದೆ ಹಾರಿ ಅಡುಗೆಮನೆಯೊಳಕ್ಕೇ ಬಿದ್ದ ರಭಸಕ್ಕೆ ಒಲೆಯ ಮೇಲಿದ್ದ ಬೀನ್ಸ್ ಪಾತ್ರೆ ನೆಲ ಕಂಡಿತು.

“ಸಂಸಾರಾನೂ ಅದರ ಜೊತೆಗೇ ಮಾಡ್ಕೋ, ಹೋಗು!” ವರ್ನೆಲ್ ಸೌಟಿನಲ್ಲೇ ಬಾಗಿಲು ತೋರಿಸಿದಳು.

ಗಿಟಾರ್, ಪೆಡಲ್, ಆಂಪ್ಲಿಫೈಯರ್ ಎಲ್ಲ ಹೊತ್ತುಕೊಂಡು ಅವನು ಬೀದಿ ಕೊನೆಯ ಕ್ಷೌರದಂಗಡಿಗೆ ಬಂದ. ಅಲ್ಲಿ ಲೆಮ್ಯುಯಲ್ ಗಡ್ಡ ಹೆರೆಸಿಕೊಳ್ಳುತ್ತಿದ್ದ. ಟಾರ್ಪ್ಲಿಯ ಪ್ರತಿ ಹಾಡಿಗೂ ಹಾರ್ಮೋನಿಕಾ ನುಡಿಸಿಕೊಂಡು ಬಂದ ಹಳೆಯ ಗೆಳೆಯ.

“ಬಂದ್ರಪ್ಪ ಹಿಪ್ಪಿಗಳು! ಕೊರಳಿಗೆ ಮಣಿಸರ ಯಾವಾಗ್ಲೋ?” ಎಂದ ಲೆಮ್ಯುಯಲ್.

“ಮೊದಲು ಕೇಳು, ಆಮೇಲೆ ಬೊಗಳು” ಎಂದು ಟಾರ್ಪ್ಲಿ ಅಲ್ಲೇ ವೈರ್ ಸಿಕ್ಕಿಸಿದ. ಮೊದಲ ಕೂಗಿಗೇ ಕ್ಷೌರಿಕನ ಕತ್ತಿ ಜಾರಿ ಲೆಮ್ಯುಯಲ್‌ನ ಅರ್ಧ ಮೀಸೆ ಹೋಯಿತು.

ಟಾರ್ಪ್ಲಿಗೆ ಅದ್ಯಾವುದೂ ಕಾಣಲಿಲ್ಲ. ಚಿಕ್ಕಂದಿನಲ್ಲಿ, ಮಿಸಿಸಿಪ್ಪಿಯ ಊರಲ್ಲಿ, ಸಂಜೆ ಹೊತ್ತು ಹತ್ತಿ ಹೊಲದ ಆಚೆಯಿಂದ ಅವ್ವ “ಹೊಸೀಯಾ...” ಎಂದು ಕೂಗುತ್ತಿದ್ದಳು, ಗಾಳಿ ಬೀಸಿದರೆ ಆ ದನಿ ಅಗಲವಾಗಿ ಕಿರಿದಾಗಿ ಬರುತ್ತಿತ್ತು. ಅದನ್ನು ತಂತಿಯಲ್ಲಿ ಹಿಡಿಯಲು ತಂತಿಯ ಮೇಲೆ ಚಾಕು ಉಜ್ಜಿ ನೋಡಿದ್ದ, ಬಾಟಲಿಯ ಕುತ್ತಿಗೆ ಜಾರಿಸಿ ನೋಡಿದ್ದ, ಸಿಕ್ಕಿರಲಿಲ್ಲ. ಈ ಹಾಳು ಡಬ್ಬಿಯಲ್ಲಿ ಈಗ ಅವ್ವ ಕೂಗುತ್ತಿದ್ದಳು.

ಲೆಮ್ಯುಯಲ್ ಉಳಿದ ಮೀಸೆಯನ್ನು ಮುಟ್ಟಿಕೊಳ್ಳುತ್ತ ಎದ್ದ. “ಅದು, ಇಲ್ಲಾ ನಾನು. ಈಗ್ಲೇ ಹೇಳ್ಬಿಡು.”

“ಲೆಮ್, ಇದನ್ನ ಬಿಡಕ್ಕಾಗಲ್ಲ ಕಣೋ.”

“ಹಾಗಾದ್ರೆ ಅದಕ್ಕೇ ಹೇಳು, ನಿನ್ನ ಹೆಣ ಹೊರೋಕೆ” ಎಂದು ಲೆಮ್ಯುಯಲ್ ಸೋಪಿನ ನೊರೆ ಮೆತ್ತಿದ ಕೆನ್ನೆಯಲ್ಲೇ ಹೊರಟುಹೋದ.

ಮನೆ ಹೋಯಿತು, ಗೆಳೆಯ ಹೋದ. ಬಸ್ಸಿನಲ್ಲಿ ಪೆಡಲನ್ನು ಎದೆಗವಚಿಕೊಂಡು ಟಾರ್ಪ್ಲಿ ಸ್ಟುಡಿಯೊ ಮುಟ್ಟಿದಾಗ ಮ್ಯಾನೇಜರನ ಕುರ್ಚಿಯಲ್ಲಿ ಹೊಸ ಮುಖ ಕೂತಿತ್ತು.

“ಅವನನ್ನ ನಿನ್ನೆಯೇ ಕೆಲಸದಿಂದ ಕಳಿಸಿಬಿಟ್ವಿ” ಎಂದ ಆ ಯುವಕ, ಭಕ್ತಿಯಿಂದ ಕೈ ಕುಲುಕುತ್ತ. “ಆ ತರದ ರೆಕಾರ್ಡು ಒಂದೂ ಓಡಲಿಲ್ಲ ಸರ್. ಹುಡುಗರೆಲ್ಲ ಈಗ ಅಸಲಿ ಬ್ಲೂಸ್ ಎಲ್ಲಿ ಅಂತ ಕೇಳ್ತಿದ್ದಾರೆ. ಅಯ್ಯೋ, ನಿಮ್ಮಂಥವರ ಕೈಗೆ ಇಂಥದ್ದನ್ನ ಕೊಟ್ಟಿದ್ರಾ? ತನ್ನಿ ಇಲ್ಲಿ.” ಪೆಡಲ್ ಬೀರುವಿಗೆ ಸೇರಿ ಬೀಗ ಬಿತ್ತು.

“ಅದು ನನಗೆ ಬೇಕು ಸ್ವಾಮಿ. ಅದರಲ್ಲಿ...”

“ಮುಜುಗರ ಬೇಡ ಸರ್, ನಮಗೆ ಅರ್ಥವಾಗುತ್ತೆ. ಇಗೋ, ಕರೆಂಟಿಲ್ಲದ ಮರದ ಗಿಟಾರ್. ಷೂ ಬಿಚ್ಚಿಬಿಡಿ. ಹೊಲದಿಂದ ಈಗಷ್ಟೇ ಎದ್ದು ಬಂದ ಹಾಗಿರಲಿ.”

“ಹೊಲದಲ್ಲೂ ನಾನು ಷೂ ಹಾಕ್ತಿದ್ದೆ!” ಟಾರ್ಪ್ಲಿ ಗುಡುಗಿದ. ಯುವಕ ಮೆಚ್ಚಿಕೊಂಡು ನಕ್ಕ.

ಬರಿಗಾಲಲ್ಲಿ ಕೂತು ಟಾರ್ಪ್ಲಿ ನುಡಿಸಿದ. ಅವ್ವನ ದನಿ ಬರುವ ಜಾಗಕ್ಕೆ ಬಂದಾಗಲೆಲ್ಲ ಬಲಗಾಲು ತಂತಾನೇ ಮುಂದೆ ಚಾಚಿ, ಇಲ್ಲದ ಪೆಡಲನ್ನು ಹುಡುಕಿ, ನೆಲದ ಹಲಗೆಯನ್ನು ದಪ್ ಎಂದು ಅದುಮುತ್ತಿತ್ತು. ಮತ್ತೆ ದಪ್. ಮತ್ತೆ ದಪ್.

ಗಾಜಿನಾಚೆ ಯುವಕ ಕುರ್ಚಿಯಿಂದ ಜಿಗಿದೆದ್ದ. “ಆ ಕಾಲು ಕೇಳಿಸ್ಕೊಂಡ್ರಾ? ಇದೇ ಕಣ್ರೀ ಅಸಲಿ! ಇದು ಕಲಿತು ಬರೋದಲ್ಲ, ರಕ್ತದಲ್ಲೇ ಇರಬೇಕು! ಮೈಕನ್ನ ಕಾಲ ಹತ್ರ ಇಡ್ರೋ!”