ಮೂರು ಸಲ ಕೂಗಿದ ಹೆಸರು

ಆ ಮಂಗಳವಾರ ಏಕಾಂತಪ್ಪ ಮಾಸಿದ ಅಂಗಿ ತೊಟ್ಟು ಮನೆ ಬಿಟ್ಟಿದ್ದರೆ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಅವನು ಟ್ರಂಕಿನಿಂದ ಬಿಳಿ ಅಂಗಿ, ಬಿಳಿ ಧೋತರ ತೆಗೆದು, ಎರಡಕ್ಕೂ ಖಡಕ್ಕಾಗಿ ಇಸ್ತ್ರಿ ಹಾಕಿಸಿ, ಹೆಗಲ ಮೇಲೆ ಜರಿಯಂಚಿನ ಶಲ್ಯ ಬೇರೆ ಇಳಿಬಿಟ್ಟುಕೊಂಡ. ಹೊರಟಿದ್ದು ಮಾತ್ರ ಸರ್ಕಾರ ಪುಕ್ಕಟೆಯಾಗಿ ಕೊಡುವ ಗಾಲಿಕುರ್ಚಿ ತರಲಿಕ್ಕೆ.

ಕುರ್ಚಿ ಹೆಂಡತಿ ಉಚ್ಚಂಗೆಮ್ಮನಿಗೆ. ಹನ್ನೊಂದು ತಿಂಗಳ ಹಿಂದೆ ಲಕ್ವಾ ಹೊಡೆದು ಆಕೆಯ ಎಡಗಾಲು ಬಿದ್ದುಹೋಗಿತ್ತು. ಅಂದಿನಿಂದ ಆಕೆ ನೋಡಿದ್ದೆಂದರೆ ಮಂಚದ ಎದುರಿನ ಗೋಡೆ ಮತ್ತು ಅದರ ಮೇಲಿನ ಕ್ಯಾಲೆಂಡರು. "ಒಂದು ಸಲ ಓಣಿ ನೋಡಿದ್ರ ಸಾಕ್ರಿ. ಯಾರ ಮನಿ ಮುಂದ ಯಾರು ಜಗಳ ಆಡಾಕತ್ಯಾರ ಅನ್ನಾದ ತಿಳಿವಲ್ದು," ಎಂದು ಆಕೆ ನಗುತ್ತ ಹೇಳುತ್ತಿದ್ದಳು. ಆ ನಗು ನೋಡಲಾಗದೆ ಏಕಾಂತಪ್ಪ ಸರ್ಕಾರಕ್ಕೆ ಅರ್ಜಿ ಹಾಕಿದ.

ದುಡ್ಡು ಕೊಟ್ಟು ತರುವ ತಾಕತ್ತು ಅವನಿಗೆ ಇರಲಿಲ್ಲ. ಕೊಟ್ಟೂರಿನಲ್ಲಿ ಇಪ್ಪತ್ತೆರಡು ವರ್ಷ ನಡೆಸಿದ ಜವಳಿ ಅಂಗಡಿ ಮುಚ್ಚಿ ಮೂರು ವರ್ಷವಾಗಿತ್ತು. ಈಗ ಹರಪನಹಳ್ಳಿಯಲ್ಲಿ ಮತ್ತೊಬ್ಬರ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವ ಕೆಲಸ. ಓಣಿಯವರು ಕೇಳಿದರೆ "ಅಲ್ಲೊಂದು ಪಾಲುದಾರಿಕಿ ಐತಿ" ಎನ್ನುತ್ತಿದ್ದ. ಓಣಿಯವರೂ "ಹೌದಾ, ಚೊಲೋ ಆತು ಬಿಡ್ರಿ" ಎನ್ನುತ್ತಿದ್ದರು. ಅರ್ಜಿ ಹಾಕಿದ್ದನ್ನು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಅವನು ಹೇಳಿರಲಿಲ್ಲ. ವಿತರಣೆ ಹಗರಿಬೊಮ್ಮನಹಳ್ಳಿಯಲ್ಲಿ ಎಂದು ಪತ್ರ ಬಂದಾಗ ದೇವರೇ ಕಣ್ಣು ಬಿಟ್ಟ ಎಂದುಕೊಂಡ. ಕೊಟ್ಟೂರಿನಲ್ಲೇ ಆಗಿದ್ದರೆ ನಾಲ್ಕು ಜನರ ಎದುರು ಸಾಲಿನಲ್ಲಿ ನಿಲ್ಲಬೇಕಿತ್ತು. ಅದಕ್ಕಿಂತ ಸಾಯುವುದು ವಾಸಿ ಎಂಬುದು ಅವನ ಖಚಿತ ಅಭಿಪ್ರಾಯ.

ಬಸ್‌ ಸ್ಟ್ಯಾಂಡಿನಲ್ಲಿ ಮೂರು ಜನ "ಎತ್ತ ಹೊಂಟ್ರಿ?" ಎಂದು ಕೇಳಿದರು. ಮೂವರಿಗೂ "ಮದಿವಿಗೆ" ಎಂದ. ಮೂರನೆಯವನು "ಈ ವಾರ ಮುಹೂರ್ತನ ಇಲ್ಲಲ್ರಿ" ಎಂದಾಗ ಏಕಾಂತಪ್ಪ ಅವಸರದಿಂದ ಬಸ್ಸು ಹತ್ತಿದ. ಅದು ಹಗರಿಬೊಮ್ಮನಹಳ್ಳಿಯದಲ್ಲ, ಕೂಡ್ಲಿಗಿ ಬಸ್ಸು. ಇಳಿದು ಮತ್ತೊಂದು ಹಿಡಿಯುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಹಗರಿಬೊಮ್ಮನಹಳ್ಳಿಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಪಕ್ಕದಲ್ಲಿ ಊರುಗೋಲು, ಕಿವಿ ಮಷೀನಿನ ಡಬ್ಬಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಗಾಲಿಕುರ್ಚಿಗಳು. ಕುರ್ಚಿಗಳನ್ನು ನೋಡಿ ಏಕಾಂತಪ್ಪನ ಎದೆ ಹಗುರಾಯಿತು. ಹೆಸರು ಕೂಗಿದ ಕೂಡಲೇ ಹೋಗಿ, ತಲೆ ತಗ್ಗಿಸಿ ತೆಗೆದುಕೊಂಡು, ಶಾಮಿಯಾನದ ಹಿಂದಿನಿಂದ ಪಾರಾಗುವುದೆಂದು ಲೆಕ್ಕ ಹಾಕಿ ಕಂಬದ ಮರೆಯಲ್ಲಿ ನಿಂತ.

"ಮಾವಾರ."

ಏಕಾಂತಪ್ಪ ತಿರುಗಿದ. ಹಿಂದೆ ನಿಂತಿದ್ದವನು ಪಕ್ಕದ ಮನೆಯ ಸೋಮಶೇಖರ. ಲಗೇಜು ಟೆಂಪೋ ಓಡಿಸುವ ಹುಡುಗ, ಬಾಯಿ ಬಿಟ್ಟರೆ ಊರಿಗೆಲ್ಲ ಸುದ್ದಿ.

"ಎಷ್ಟೊತ್ತಾತ್ರಿ ಬಂದು? ನಾನು ಆವಾಗ್ಲಿಂದ ನಿಮ್ಮನ್ನ..."

"ನನ್ನ ಅತಿಥಿ ಅಂತ ಕರಸ್ಯಾರಪಾ," ಎಂದುಬಿಟ್ಟ ಏಕಾಂತಪ್ಪ. ಮಾತು ಅದಾಗಿಯೇ ಬಾಯಿಂದ ಜಾರಿತ್ತು. "ಬ್ಯಾಡ ಅಂದೆ. ಬಿಡ್ಲಿಲ್ಲ. ನೀ ಯಾಕ ಬಂದಿ?"

ಸೋಮಶೇಖರ ಬಾಯಿ ತೆರೆದ. ಏಕಾಂತಪ್ಪನ ಶಲ್ಯ ನೋಡಿದ, ಮುಖ ನೋಡಿದ, ತೆರೆದ ಬಾಯಿ ಮುಚ್ಚಿದ. "ಬಾಡಿಗಿ ಇತ್ರಿ," ಎಂದ. ಆಮೇಲೆ, "ಅತಿಥಿ ಅಂದಮ್ಯಾಲೆ ಕಂಬದ ಹಿಂದ ಯಾಕ ನಿಂತೀರಿ? ತಡೀರಿ," ಎಂದು ಬ್ಯಾಡ್ಜು ಹಾಕಿಕೊಂಡಿದ್ದ ಕಾರ್ಯಕರ್ತನೊಬ್ಬನನ್ನು ಕರೆದ. "ಇವರು ಕೊಟ್ಟೂರಿನ ದೊಡ್ಡ ಜವಳಿ ವ್ಯಾಪಾರಸ್ಥರು. ಇಲ್ಲೇ ನಿಲ್ಲಿಸೀರಲ್ರಿ."

ಬರಬೇಕಿದ್ದ ದೊಡ್ಡವರೊಬ್ಬರು ಬಂದಿರಲಿಲ್ಲ. ವೇದಿಕೆಯ ನಡುವಿನ ಕುರ್ಚಿ ಖಾಲಿಯಿದ್ದು ಕಾರ್ಯಕರ್ತರ ಕಣ್ಣು ಚುಚ್ಚುತ್ತಿತ್ತು. ಬಿಳಿ ಬಟ್ಟೆ ಕಂಡದ್ದೇ ತಡ, ಏಕಾಂತಪ್ಪನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದರು. "ಬ್ಯಾಡ್ರೀ, ನಾನು ಕೆಳಗ ಇರ್ತೀನಿ" ಎಂದು ಅವನು ಕೊಸರಿದಷ್ಟೂ ಅದನ್ನು ದೊಡ್ಡ ಮನುಷ್ಯನ ವಿನಯವೆಂದು ತಿಳಿದು ಇನ್ನಷ್ಟು ಬಿಗಿಯಾಗಿ ಹಿಡಿದರು. ಐದು ನಿಮಿಷದಲ್ಲಿ ಅವನ ಕೊರಳಲ್ಲಿ ಸೇವಂತಿಗೆ ಹಾರ, ಮುಂದೆ ಮೈಕು.

"ಎರಡು ಮಾತು ಆಡ್ರಿ ಸರ್."

ಏನು ಮಾತಾಡುವುದು? ಬೆವರು ಒರೆಸಿಕೊಂಡು ಬಾಯಿಗೆ ಬಂದದ್ದನ್ನು ಹೇಳಿದ. "ಸರ್ಕಾರ ಕೊಡಾದು ನಮ್ಮದ ದುಡ್ಡು. ಕಷ್ಟ ಯಾರಿಗೆ ಬರಾದಿಲ್ಲ? ತಗೊಳ್ಳಾಕ ನಾಚ್ಕಿ ಪಡಬ್ಯಾಡ್ರಿ. ನಾಚ್ಕಿ ಪಟ್ರ ನಿಮ್ಮ ಮನ್ಯಾಗಿನವರಿಗೇ ತ್ರಾಸು." ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಕಿವಿಯವರೆಗೂ ಕೆಂಪಾಗಿ ಏಕಾಂತಪ್ಪ ಕುಳಿತ. ಸಭೆಯಲ್ಲಿ ತನ್ನ ಮಾತಿಗೆ ಕಿವಿಗೊಡದವನು ಒಬ್ಬನೇ, ಅದು ತಾನೇ ಎಂಬುದು ಅವನಿಗೆ ಗೊತ್ತಿತ್ತು.

ವಿತರಣೆ ಶುರುವಾಯಿತು. ಅಧಿಕಾರಿ ಶಾಂಭವಿ ಮೇಡಂ ಪಟ್ಟಿ ಹಿಡಿದು ಹೆಸರು, ಊರು ಓದುವುದು. ಏಕಾಂತಪ್ಪ ಸಾಮಾನು ಕೊಡುವುದು. ಫೋಟೋದವನು "ಸರ್, ಸ್ವಲ್ಪ ನಗ್ರಿ" ಎನ್ನುವುದು. ಊರುಗೋಲು ಮುಗಿದವು. ಕಿವಿ ಮಷೀನು ಮುಗಿದವು. ಗಾಲಿಕುರ್ಚಿಗಳು ಒಂದೊಂದೇ ಖಾಲಿಯಾಗಿ ಕೊನೆಗೆ ಒಂದು ಉಳಿಯಿತು.

"ಉಚ್ಚಂಗೆಮ್ಮ, ಕೊಟ್ಟೂರು."

ಅಂಗಿಯ ಒಳಜೇಬಿನಲ್ಲಿದ್ದ ಪತ್ರ ಕೆಂಡದಂತೆ ಸುಟ್ಟಿತು. ಎದ್ದು ನಿಂತು "ನಾನೇ" ಎಂದರೆ ಆಗಿತ್ತು. ಹಾರ ಹಾಕಿಸಿಕೊಂಡು, ಭಾಷಣ ಬಿಗಿದು, ಈಗ ಕೈಚಾಚುವುದು ಹೇಗೆ?

"ಉಚ್ಚಂಗೆಮ್ಮ, ಕೊಟ್ಟೂರು. ಮನೆಯವರು ಯಾರಾದರೂ ಬಂದಿದ್ದರೆ ಪತ್ರ ತೋರಿಸಿ."

ಮುಂದಿನ ಸಾಲಿನಲ್ಲಿ ಸೋಮಶೇಖರ ಅರ್ಧ ಎದ್ದು ನಿಂತು ವೇದಿಕೆಯನ್ನೇ ದಿಟ್ಟಿಸಿದ. ಏಕಾಂತಪ್ಪ ಶಾಮಿಯಾನದ ಮೇಲ್ಛಾವಣಿ ನೋಡತೊಡಗಿದ. ಅಲ್ಲೊಂದು ಸಣ್ಣ ತೂತಿತ್ತು. ಮೂರನೆಯ ಸಲ ಹೆಸರು ಕೂಗುವವರೆಗೂ ಆ ತೂತಿನಿಂದ ಅವನು ಕಣ್ಣು ಕೀಳಲಿಲ್ಲ. ಸೋಮಶೇಖರ ಮೆಲ್ಲಗೆ ಕುಳಿತುಕೊಂಡ.

"ಗೈರು," ಎಂದು ಬರೆದುಕೊಂಡರು ಮೇಡಂ. "ಉಳಿಸಿಕೊಳ್ಳುವಂತಿಲ್ಲ. ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು, ದ್ಯಾಮಕ್ಕ, ಕೂಡ್ಲಿಗಿ."

ಮುದುಕಿಯೊಬ್ಬಳನ್ನು ಅವಳ ಮಗ ಬೆನ್ನ ಮೇಲೆ ಹೊತ್ತು ತಂದ. ಉಚ್ಚಂಗೆಮ್ಮನ ಕುರ್ಚಿಯನ್ನು ಏಕಾಂತಪ್ಪ ತನ್ನ ಕೈಯಾರೆ ತಳ್ಳಿ ಅವಳಿಗೆ ಒಪ್ಪಿಸಿದ. ದ್ಯಾಮಕ್ಕ ಅವನ ಎರಡೂ ಕೈ ಹಿಡಿದು, "ನಿನ್ನ ಹೊಟ್ಟಿ ತಣ್ಣಗಿರ್ಲಿ ನನ್ನಪ್ಪ. ನಿನ್ನ ಹೇಣ್ತಿ ಮುತ್ತೈದಿಯಾಗಿ ನೂರು ವರ್ಷ ಓಡ್ಯಾಡಿಕೊಂಡಿರ್ಲಿ," ಎಂದಳು. ಫೋಟೋದವನು ಮತ್ತೆ ನಗಲು ಹೇಳಿದ. ಏಕಾಂತಪ್ಪನಿಗೆ ಅಳು ಬಂತು. ಎಲ್ಲರೂ ಅದನ್ನು ಕರುಣೆ ಎಂದುಕೊಂಡರು.

ಜನ ಚದುರಿದ ಮೇಲೆ ಅವನು ಹಾರ ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡು ಜೀಪಿನ ಹತ್ತಿರ ಹೋಗಿ ಮೇಡಂಗೆ ಪತ್ರ ಚಾಚಿದ. ಅವರು ಎರಡು ಸಲ ಓದಿದರು.

"ಮೂರು ಸಲ ಕೂಗಿದೆನಲ್ಲ ಸರ್. ನೀವು ನನ್ನ ಪಕ್ಕದಲ್ಲೇ ಇದ್ದಿರಿ."

"ಕೇಳಸ್ಲಿಲ್ರಿ," ಎಂದ ಏಕಾಂತಪ್ಪ.

"ಕಿವಿ ಕೇಳದವರಿಗೆ ಬೇರೆ ಪಟ್ಟಿ ಇದೆ. ನಿಮ್ಮ ಹೆಸರು ಬರೆದುಕೊಳ್ಳಲಾ?"

ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೇ ಕೇಳಿದ್ದರು. ಅವನು ಬೇಡವೆಂದು ತಲೆಯಾಡಿಸಿದ. ಕುರ್ಚಿಗೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬೇಕೆಂದು ಹೇಳಿ ಅವರು ಜೀಪು ಹತ್ತಿದರು.

ಸೋಮಶೇಖರ ಟೆಂಪೋದಲ್ಲಿ ಕರೆದುಕೊಂಡು ಹೊರಟ. ಹಿಂದೆ ಖಾಲಿ ಜಾಗದಲ್ಲಿ ದಪ್ಪ ಕೌದಿ ಹಾಸಿ ಹಗ್ಗ ಇಟ್ಟಿದ್ದ.

"ಕೌದಿ ಯಾಕಪಾ?"

"ಒಂದು ಸಾಮಾನು ತರಾದಿತ್ರಿ. ಗೀರು ಬೀಳಬಾರ್ದು ಅಂತ ಹಾಸಿದ್ದೆ. ಸಿಗ್ಲಿಲ್ಲ."

ಹೆಂಡತಿಗೆ ಹೇಳಬೇಕಾದ ಸುಳ್ಳನ್ನು ಏಕಾಂತಪ್ಪ ಮನಸ್ಸಿನಲ್ಲೇ ತಿದ್ದಿ ತೀಡಿದ. ಕುರ್ಚಿ ಸಾಲಲಿಲ್ಲ, ದೂರದೂರಿನವರಿಗೆ ಮೊದಲು ಕೊಟ್ಟರು, ಹೀಗೇ ಏನಾದರೊಂದು. ಓಣಿಗಂತೂ ಏನೂ ತಿಳಿದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಟೆಂಪೋ ಓಣಿಗೆ ತಿರುಗಿತು.

ಅವನ ಮನೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಉಚ್ಚಂಗೆಮ್ಮನ ಮಂಚವನ್ನು ಬಾಗಿಲವರೆಗೆ ಎಳೆದು ತಂದಿದ್ದರು. ಆಕೆ ತಲೆ ಬಾಚಿಸಿಕೊಂಡು, ಹಬ್ಬದ ಸೀರೆ ಉಟ್ಟು, ದಿಂಬಿಗೆ ಒರಗಿ ಕುಳಿತಿದ್ದಳು. ಬಾಗಿಲ ಮುಂದಿನ ಮೂರು ಮೆಟ್ಟಿಲು ಕಾಣೆಯಾಗಿದ್ದವು. ಅವುಗಳ ಜಾಗದಲ್ಲಿ ನುಣ್ಣನೆಯ ಸಿಮೆಂಟಿನ ಇಳಿಜಾರು. ಓಣಿಯ ಗೌಂಡಿ ಯರ್ರೆಪ್ಪ ಕರಣೆ ಹಿಡಿದು ಅದರ ಅಂಚು ತೀಡುತ್ತಿದ್ದ.

"ಬಂದ್ರ್ಯಾ," ಎಂದಳು ಉಚ್ಚಂಗೆಮ್ಮ. "ನೋಡ್ರಿ, ಕುರ್ಚಿ ಇಳಸಾಕ ದಾರಿ ಬೇಕಂತ ಯರ್ರೆಪ್ಪ ಮುಂಜಾನಿಂದ ಕುಂತಾನ. ಸಿಮೆಂಟು ಎಲ್ಲಾರೂ ಕೂಡಿ ತಂದ್ರು. ಬಸ್ಸಿನಾಗ ನೀವೊಬ್ರ ಹೆಂಗ ತರ್ತೀರಿ ಅಂತ ಸೋಮಶೇಖರನ್ನ ನಾನ ಕಳಿಸಿದ್ದೆ. ಎಲ್ಲೈತ್ರಿ?"

ಏಕಾಂತಪ್ಪ ಟೆಂಪೋದಿಂದ ಇಳಿದ. "ಓಣಿಗೆಲ್ಲ ಗೊತ್ತಿತ್ತೇನು?"

"ಪತ್ರ ಬಂದ ದಿನಾನ ಎಲ್ಲಾರಿಗೂ ನಾನ ಹೇಳಿದ್ದೆ. ಹರಪನಹಳ್ಳಿ ಅಂಗಡಿ ಸುದ್ದೀನೂ ಗೊತ್ತೈತಿ ಬಿಡ್ರಿ, ಮೂರು ವರ್ಷ ಆತು. ನಿಮಗ ಬ್ಯಾಸರ ಆಗಬಾರ್ದಂತ ಯಾರೂ ಅಂದಿಲ್ಲ."

ಸೋಮಶೇಖರ ಮುಂದೆ ಬಂದ. "ಅತ್ತಿ, ಕುರ್ಚಿ ಸಾಲ್ಲಿಲ್ರಿ," ಎಂದ, ಏಕಾಂತಪ್ಪ ದಾರಿಯಲ್ಲಿ ತಯಾರಿಸಿದ್ದ ಸುಳ್ಳನ್ನೇ.

ಏಕಾಂತಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಸಾಲಿದ್ವು," ಎಂದ. "ನಿನ್ನ ಹೆಸರು ಮೂರು ಸಲ ಕೂಗಿದ್ರು. ನಾನ ಏಳ್ಲಿಲ್ಲ. ನಾಚ್ಕಿ ಆತು."

ಉಚ್ಚಂಗೆಮ್ಮ ದಿಂಬಿನಿಂದ ಮುಂದಕ್ಕೆ ಬಾಗಿದಳು. "ಈಗ ನಾಚ್ಕಿ ಹೆಂಗೈತ್ರಿ?" ಎಂದು ಕೇಳಿದಳು.

"ಹೆಚ್ಚಾಗೈತಿ," ಎಂದ ಏಕಾಂತಪ್ಪ.

ತಲೆ ತಗ್ಗಿಸಿ ಒಳಗೆ ಓಡಿಹೋಗಿ ಮೂಲೆಯಲ್ಲಿ ಕೂರಬೇಕೆಂದು ಅವನು ಹೆಜ್ಜೆ ಎತ್ತಿದ. ಯರ್ರೆಪ್ಪ ಕರಣೆ ಅಡ್ಡ ಹಿಡಿದ.

"ತುಳೀಬ್ಯಾಡ್ರಿ ಮಾವಾರ. ಹಸಿ ಐತಿ. ನಾಳಿ ಮುಂಜಾನಿತನಕ ಒಣಗಬೇಕು."

ಮನೆಗೆ ಇದ್ದದ್ದು ಅದೊಂದೇ ಬಾಗಿಲು. ಬಿಳಿ ಅಂಗಿ, ಬಿಳಿ ಧೋತರ, ಜರಿಯಂಚಿನ ಶಲ್ಯದಲ್ಲಿ ಏಕಾಂತಪ್ಪ ನಡುಬೀದಿಯಲ್ಲಿ ನಿಂತ. ಹನ್ನೊಂದು ತಿಂಗಳ ಮೇಲೆ ಉಚ್ಚಂಗೆಮ್ಮ ಓಣಿ ನೋಡುತ್ತಿದ್ದಳು, ಮತ್ತು ಓಣಿಯಲ್ಲಿ ಅವತ್ತು ನೋಡಲಿಕ್ಕೆ ಇದ್ದದ್ದು ಅವನೊಬ್ಬನೇ.