ಮೂರು ಬೆರಳು ತಗ್ಗಿದ ರೆಕ್ಕೆ

ಬೆಳಗ್ಗೆ ಏಳೂವರೆಗೆ ಟೇಲರ್ ತನ್ನ ಷೆಡ್ಡಿನ ಬಾಗಿಲು ತೆಗೆದು ನೋಡುತ್ತಾನೆ, ತಾನು ಕಟ್ಟಿದ ವಿಮಾನದ ಎಡರೆಕ್ಕೆ ಬಲರೆಕ್ಕೆಗಿಂತ ಕೆಳಗಿದೆ. ಕಣ್ಣುಜ್ಜಿಕೊಂಡ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪಿನಿಂದ ಎರಡೆರಡು ಸಲ ಅಳೆದ. ಸರಿಯಾಗಿ ಮೂರು ಬೆರಳು. ಹಿಂದಿನ ದಿನವಷ್ಟೇ ಮರದ ಆಸರೆಗಳನ್ನು ತೆಗೆದು ಮೊದಲ ಬಾರಿಗೆ ಅದನ್ನು ತನ್ನ ಚಕ್ರಗಳ ಮೇಲೆ ನಿಲ್ಲಿಸಿದ್ದ.

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಮನೆಯಲ್ಲಿ ಕಟ್ಟಿದ ವಿಮಾನಗಳನ್ನು ನೋಡಿ, ಹಾರಬಹುದು ಎಂದು ಮುದ್ರೆ ಒತ್ತುವ ಅಧಿಕಾರಿ. ಈ ಕಡೆ ಅವರ ಸವಾರಿ ಬರುವುದು ಎರಡು ವರ್ಷಕ್ಕೊಮ್ಮೆ. ಇವತ್ತು ಮುದ್ರೆ ಬೀಳದಿದ್ದರೆ ವಿಮಾನ ಗುಜರಿಗೆ, ಷೆಡ್ಡು ಬಾಮೈದನ ಟಯರ್ ಗೋದಾಮಿಗೆ ಎಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು. ಬಾಯಿತಪ್ಪಿ ಬಂದ ಮಾತೂ ಅಲ್ಲ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವಳು ಹೇಳಿಸಿದ್ದಳು.

ಟೇಲರನ ಆಸೆಯೇನೂ ದೊಡ್ಡದಲ್ಲ. ಒಂದೇ ಒಂದು ಸಲ ತನ್ನ ಅಂಗಡಿಯ ಚಾವಣಿಯನ್ನು ಮೇಲಿನಿಂದ ನೋಡಬೇಕು, ಅಷ್ಟೆ. ಆ ಆಸೆಗೆ ಏಳು ವರ್ಷದ ಭಾನುವಾರಗಳೆಲ್ಲ ಹೋಗಿದ್ದವು. ಮೈ ಮತ್ತು ರೆಕ್ಕೆಯ ತೊಲೆಗಳು ಮಾತ್ರ ತಯಾರಾಗಿ ಅರ್ಧಕ್ಕೆ ನಿಂತಿದ್ದ ವಿಮಾನವನ್ನು ಒಬ್ಬ ಏಜೆಂಟನಿಂದ ಕೊಂಡಿದ್ದ. "ಕಟ್ತಿದ್ದೋರು ತೀರಿಕೊಂಡ್ರು, ಪಾಪ" ಎಂದು ಏಜೆಂಟ್ ಕಣ್ಣೊರೆಸಿಕೊಂಡಾಗ ಟೇಲರ್ ಅವನಿಗಿಂತ ಜಾಸ್ತಿ ಅತ್ತಿದ್ದ.

ಈ ಏಳು ವರ್ಷದಲ್ಲಿ ವಿಮಾನದ ಮಾತೆತ್ತಿದರೆ ನಗದೇ ಇದ್ದವರು ಫೋರಮ್ಮಿನವರು ಮಾತ್ರ. ಸ್ವಂತ ಕೈಯಿಂದ ವಿಮಾನ ಕಟ್ಟುವ ಹುಚ್ಚು ಹಿಡಿದವರೆಲ್ಲ ಮೊಬೈಲಿನಲ್ಲೇ ಸೇರುವ ಹರಟೆಕಟ್ಟೆ ಅದು. ಅವನು ರೆಕ್ಕೆಗೆ ಬಟ್ಟೆ ಹೊಲಿದ ದಿನ ಮುಖ ನೋಡದ ನಲವತ್ತು ಜನ ಭೇಷ್ ಎಂದಿದ್ದರು. ಹೆಂಡತಿ, "ಇಷ್ಟು ಬಟ್ಟೇಲಿ ಇಡೀ ಮನೆಗೆ ಪರದೆ ಆಗ್ತಿತ್ತು" ಎಂದಿದ್ದಳು.

ಫೋರಮ್ಮಿಗೆ ಬರೆದ. ಐದು ನಿಮಿಷದಲ್ಲಿ ಉತ್ತರಗಳ ಸುರಿಮಳೆ. ಅಲ್ಲಿ 'ಮುದಿಹದ್ದು' ಎಂದು ಹೆಸರಿಟ್ಟುಕೊಂಡಿದ್ದ ಹಿರಿತಲೆ, ರೆಕ್ಕೆ ಸರಿಯಾಗೇ ಇದೆ, ನೆಲ ಸೊಟ್ಟಗಿದೆ ಎಂದಿತು. ಇನ್ನೊಬ್ಬ, ಬಲರೆಕ್ಕೆಯ ತುದಿಗೆ ಭಾರ ಕಟ್ಟಿ ಒಂದು ಗಂಟೆ ಬಿಡಿ ಎಂದ. ಮತ್ತೊಬ್ಬ, "ನಂದೂ ಹಾಗೇ ಇದೆ, ಚೆನ್ನಾಗಿ ಹಾರುತ್ತೆ, ನಾನು ಹೇಳಿದ ಕಡೆಗೆ ಮಾತ್ರ ಹೋಗಲ್ಲ" ಎಂದು ಸಮಾಧಾನ ಹೇಳಿದ.

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮಾಸ್ಟರು ಬಂದರು. ತಲೆ ಒಂದು ಕಡೆ ವಾಲಿಸಿ ನೋಡಿದರು.

"ನನ್ನ ಶರ್ಟಿನ ತೋಳಿಗೂ ಹೀಗೇ ಮಾಡಿದ್ಯಲ್ಲಯ್ಯಾ! ಒಂದುದ್ದ, ಒಂದು ಗಿಡ್ಡ."

"ಸಾರ್, ಉದ್ದದಲ್ಲಿ ವ್ಯತ್ಯಾಸ ಇಲ್ಲ, ಎತ್ತರದಲ್ಲಿ..."

"ಅವತ್ತೂ ಇದನ್ನೇ ಹೇಳಿದೆ. ನನ್ನ ಭುಜಾನೇ ಸರಿಯಿಲ್ಲ ಅಂದೆ."

ಟೇಲರ್ ನೆಲದ ಮೇಲೆ ಗೋಲಿ ಬಿಟ್ಟು ನೋಡಿದ. ಅದು ಇಟ್ಟಲ್ಲೇ ಕೂತಿತು. ನೆಲ ನೆಟ್ಟಗಿತ್ತು.

ಇನ್ನು ಭಾರ. ಎದುರುಮನೆಯ ಲಾಂಡ್ರಿಯವನು ಯಾರೂ ಕರೆಯದೇ ಓಡಿಬಂದು, "ನಾನಿದ್ದೀನಿ ಬಿಡಣ್ಣಾ" ಎಂದು ಒದ್ದೆ ಬಟ್ಟೆಯ ಗಂಟೊಂದನ್ನು ಬಲರೆಕ್ಕೆಗೆ ನೇತುಹಾಕಿದ. ಏನಾಶ್ಚರ್ಯ! ಎರಡು ರೆಕ್ಕೆಯೂ ಸಮನಾದವು. ಟೇಲರನ ಕಣ್ಣಲ್ಲಿ ನೀರೇ ಬಂತು.

"ಇನ್‌ಸ್ಪೆಕ್ಟರ್ ಬಂದಾಗ ಗಂಟು ಅಲ್ಲೇ ಇರಲಿ" ಎಂದರು ಹೆಡ್‌ಮಾಸ್ಟರು. "ಲಗೇಜು ಅಂತ ಹೇಳಿದ್ರಾಯ್ತು."

ಒಂದು ಗಂಟೆ ಬಿಟ್ಟು ಗಂಟು ಇಳಿಸಿದ್ದೇ ತಡ, ರೆಕ್ಕೆ ಮತ್ತೆ ಮೂರು ಬೆರಳು ಮೇಲೆದ್ದಿತು. ಜೊತೆಗೆ 'ಪರ್ರ್' ಎಂದು ಸದ್ದಾಯಿತು. ಬಲರೆಕ್ಕೆಯ ಬಟ್ಟೆ ಗೇಣುದ್ದ ಹರಿದಿತ್ತು. ಲಾಂಡ್ರಿಯವನು ತನಗೇನೋ ಅರ್ಜೆಂಟ್ ಇಸ್ತ್ರಿ ಇದೆಯೆಂದು ನೆನಪಿಸಿಕೊಂಡು ಜಾಗ ಖಾಲಿ ಮಾಡಿದ. ಬಾಗಿಲಲ್ಲಿ ನಿಂತಿದ್ದ ಬಾಮೈದ ಷೆಡ್ಡಿನ ಅಗಲ ಅಳೆಯುತ್ತಾ, "ನೀವು ನಿಮ್ಮ ಕೆಲಸ ಮಾಡಿ ಭಾವ, ನನ್ನಿಂದ ತೊಂದರೆ ಇಲ್ಲ" ಎಂದ.

ಟೇಲರ್ ಹರಿದದ್ದನ್ನು ಹೊಲಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಊಟಕ್ಕೆ ಕೂರಲಿಲ್ಲ. ಫೋರಮ್ಮಿನ ಹಳೇ ಪುಟಗಳನ್ನು ಹುಚ್ಚನಂತೆ ಹುಡುಕತೊಡಗಿದ. ಆಗ ಸಿಕ್ಕಿತು ನೋಡಿ! ಒಂಬತ್ತು ವರ್ಷದ ಹಿಂದೆ 'ಮುಗಿಲಹಕ್ಕಿ' ಎಂಬಾತ ಬರೆದಿದ್ದ: "ಎಡರೆಕ್ಕೆ ಮೂರು ಬೆರಳು ಕೆಳಗಿದೆ. ಏನು ಮಾಡಲಿ?"

ಅದೇ ರೆಕ್ಕೆ, ಅದೇ ಮೂರು ಬೆರಳು! ಜಗತ್ತಿನಲ್ಲಿ ತನ್ನಂಥ ಪಾಪಿ ಇನ್ನೊಬ್ಬನಿದ್ದ ಎಂದು ಟೇಲರನಿಗೆ ಎಷ್ಟು ಸಂತೋಷವಾಯಿತೆಂದರೆ ಮೊಬೈಲಿಗೇ ಕೈಮುಗಿದ. ಅದರ ಕೆಳಗೆ ನೂರಾರು ಸಲಹೆ, ಜಗಳ, ಬೈಗುಳ. ಕಟ್ಟಕಡೆಗೆ ಮುಗಿಲಹಕ್ಕಿಯದೇ ಒಂದು ಸಾಲು: "ಸಮಸ್ಯೆ ಬಗೆಹರಿಯಿತು. ಎಲ್ಲರಿಗೂ ಧನ್ಯವಾದ."

ಅಷ್ಟೇ. ಆಮೇಲೆ ಬರೀ ಅಭಿನಂದನೆಗಳು. ಹೇಗೆ ಬಗೆಹರಿಯಿತು ಎಂದು ಆ ಪುಣ್ಯಾತ್ಮರಲ್ಲಿ ಒಬ್ಬರೇ ಒಬ್ಬರು ಕೇಳಿರಲಿಲ್ಲ.

ಈ ಮುಗಿಲಹಕ್ಕಿ ಎಲ್ಲಿ ಸಿಗುತ್ತಾರೆ ಎಂದು ಟೇಲರ್ ಮುದಿಹದ್ದಿನ ಕಾಲು ಹಿಡಿದ. ತಕ್ಷಣ ಉತ್ತರ ಬಂತು: "ಅವರು ನಿಮ್ಮೂರಿನವರೇ. ಹಲ್ಲಿನ ಡಾಕ್ಟರು, ಬಸ್‌ಸ್ಟ್ಯಾಂಡ್ ಹಿಂದೆ ಕ್ಲಿನಿಕ್ಕು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ."

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ. ಕ್ಲಿನಿಕ್ಕಿನ ಹುಡುಗಿ ತಲೆಯೆತ್ತದೆ, "ಯಾವ ಹಲ್ಲು?" ಎಂದಳು.

"ಹಲ್ಲಲ್ಲಮ್ಮಾ, ಎಡರೆಕ್ಕೆ."

"ರೆಕ್ಕೆ ಗಿಕ್ಕೆ ಇಲ್ಲಿ ನೋಡಲ್ಲ. ಹಲ್ಲುನೋವಿದ್ರೆ ಚೀಟಿ ಬರೆಸಿ, ಇಲ್ಲಾಂದ್ರೆ ದಾರಿ ಬಿಡಿ."

ಟೇಲರ್ ಕೆನ್ನೆ ಹಿಡಿದುಕೊಂಡು ಚೀಟಿ ಬರೆಸಿದ. ಸರದಿ ಬರುವಾಗ ಮೂರು ದಾಟಿತ್ತು. ಕುರ್ಚಿಯಲ್ಲಿ ಒರಗಿ, ವಿಷಯ ಕೇಳೋಣವೆಂದು ಬಾಯಿ ತೆರೆದ. ಡಾಕ್ಟರಿಗೆ ಬೇಕಾದದ್ದೂ ಅದೇ. ಕನ್ನಡಿ ತೂರಿಸಿ, "ಅಯ್ಯಯ್ಯೋ, ಈ ದವಡೆ ಹಲ್ಲು ಪೂರ್ತಿ ಕೊಳೆತಿದೆಯಲ್ರೀ! ಇಷ್ಟು ದಿನ ಹೇಗೆ ತಡ್ಕೊಂಡಿದ್ರಿ?" ಎನ್ನುತ್ತಾ ಸೂಜಿ ಚುಚ್ಚಿಯೇಬಿಟ್ಟರು.

ಅರ್ಧ ಮುಖ ಜೋಮು ಹಿಡಿಯುವುದರೊಳಗೆ ಟೇಲರ್ ಹೇಗೋ ತೊದಲಿದ: "ನೀವು... ಮುಗಿಲಹಕ್ಕಿನಾ?"

ಡಾಕ್ಟರ ಮುಖ ಅರಳಿತು. "ಅಬ್ಬಾ! ಆ ಹೆಸರು ಕೇಳಿ ಎಷ್ಟು ವರ್ಷ ಆಯ್ತು! ನೀವೂ ಫೋರಮ್ಮಿನೋರಾ?"

"ಆ ಎಡರೆಕ್ಕೆ... ಹೇಗೆ ಸರಿ ಮಾಡಿದ್ರಿ?"

"ಸರಿ ಮಾಡೋದಾ? ಬ್ರಹ್ಮ ಬಂದ್ರೂ ಆಗಲ್ಲ!" ಡಾಕ್ಟರು ಇಕ್ಕಳ ಎತ್ತಿಕೊಂಡರು. "ಒಳಗಿನ ತೊಲೆ ಅಂಟಿಸೋವಾಗ ನಾನೇ ಸೊಟ್ಟ ಅಂಟಿಸಿಬಿಟ್ಟಿದ್ದೆ. ಎರಡು ವರ್ಷ ನಿದ್ದೆ ಇಲ್ಲ, ಹೆಂಡತಿ ತವರಿಗೆ ಹೋದ್ಲು. ಫೋರಮ್ಮಿನೋರು ಒಳ್ಳೇ ಜನ, ಪಾಪ, ಸಾವಿರ ಉಪಾಯ ಹೇಳಿದ್ರು. ಬಿಟ್ಟುಬಿಡು ಅಂತ ಮಾತ್ರ ಒಬ್ರೂ ಹೇಳಲಿಲ್ಲ. ಕೊನೆಗೆ ಒಬ್ಬ ಏಜೆಂಟನಿಗೆ ಕೊಟ್ಟು ಕೈತೊಳೆದುಕೊಂಡೆ. ಸಮಸ್ಯೆ ಬಗೆಹರೀತು!"

ಟೇಲರನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು.

"ಆ ಏಜೆಂಟ್ ಎಂಥಾ ಕಿಲಾಡಿ ಅಂತೀರಾ! ನಾನು ಸತ್ತುಹೋದೆ ಅಂತ ಹೇಳಿ ಮಾರಿದ್ನಂತೆ. ತಗೊಂಡೋನು ಗೊಳೋ ಅಂತ ಅತ್ತನಂತೆ!" ಡಾಕ್ಟರು ಹೊಟ್ಟೆ ಕುಣಿಸಿಕೊಂಡು ನಕ್ಕರು, ಆ ನಗುವಿನ ಭರದಲ್ಲೇ ಹಲ್ಲನ್ನು ಕಿತ್ತು ತಟ್ಟೆಗೆ ಹಾಕಿದರು.

ಬಾಯಲ್ಲಿ ಏನೂ ನೋಯಲಿಲ್ಲ. ಎದೆಯೊಳಗೆ ತಡೆಯಲಾರದಷ್ಟು ನೋವಾಯಿತು. ಏಳು ವರ್ಷದ ಒಂದೊಂದು ಹೊಲಿಗೆಯೂ ಒಬ್ಬ ಬದುಕಿರುವ ಮನುಷ್ಯನ ಸೊಟ್ಟ ತೊಲೆಯ ಮೇಲೆ ಹಾಕಿದ್ದಾಗಿತ್ತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. "ರೀ, ಎಲ್ಲಿದ್ದೀರಾ? ಇನ್‌ಸ್ಪೆಕ್ಟರು ಮುಂಚೇನೇ ಬಂದ್ಬಿಟ್ರು. ಕತ್ತು ವಾಲಿಸ್ಕೊಂಡು ರೆಕ್ಕೆ ಮುಂದೆ ನಿಂತವರು ನಿಂತೇ ಇದ್ದಾರೆ. ಟಯರ್ ಲಾರಿಗೆ ಹೇಳ್ಲಾ ಅಂತ ತಮ್ಮ ಕೇಳ್ತಿದ್ದಾನೆ. ಏನಾದ್ರೂ ಮಾತಾಡ್ರೀ!"

ಬಾಯಿ ತುಂಬ ಹತ್ತಿ. ಟೇಲರ್ ಫೋನ್ ಇಟ್ಟ. ಡಾಕ್ಟರ ಕೋಟಿನ ತುದಿ ಹಿಡಿದು, ಹತ್ತಿಯ ಸಂದಿಯಿಂದಲೇ ಬೇಡಿಕೊಂಡ:

"ಡಾಕ್ಟ್ರೇ... ಈಗ್ಲೂ ಅಂಥ ವಿಮಾನ ತಗೊಳ್ಳೋರು ಯಾರಾದ್ರೂ ಸಿಗ್ತಾರಾ?"

"ಛೆ, ಎಲ್ಲಿ ಬಂತು!" ಡಾಕ್ಟರು ಕೈ ತೊಳೆಯುತ್ತಾ ಹೇಳಿದರು. "ನಾನೇ ಆ ಏಜೆಂಟನ ಕೈಲಿ ಊರೆಲ್ಲಾ ಜಾಲಾಡಿಸಿ ಹುಡುಕ್ಸಿದ್ದೆ. ಅಂಥ ಪೆದ್ದ ಇಡೀ ಊರಿಗೆ ಒಬ್ಬನೇ ಇದ್ದದ್ದು. ಅವನು ಆಗಲೇ ತಗೊಂಡಾಯ್ತಲ್ಲ!"

ಬಾಗಿಲ ಕಡೆ ತಿರುಗಿ, ಮುಂದಿನವರನ್ನು ಕಳಿಸಮ್ಮಾ ಎಂದು ಕೂಗಿದರು.