ಮ್ಯಾಚಿಂಗ್ ಸೆಂಟರಿನ ಮಾಮಾ

ನಮ್ಮ ಸೋದರಮಾವನಂಥ ಸುಳ್ಳುಗಾರ ಇಡೀ ಪುಣೆಯಲ್ಲಿ ಇನ್ನೊಬ್ಬನಿಲ್ಲ. ಹೇಳಿದ್ದು ಒಂದೇ ಸುಳ್ಳು. ಆದರೆ ಅದನ್ನು ಮೂವತ್ತು ವರ್ಷ, ಒಂದು ದಿನವೂ ರಜೆ ಹಾಕದೆ ಹೇಳಿದ. ತನಗೆ ಎಲ್ಲ ಬಣ್ಣವೂ ಕಾಣುತ್ತದೆ ಎಂಬ ಸುಳ್ಳು! ಕೆಂಪು, ಹಸಿರು, ಕಂದು ಮೂರೂ ಅವನ ಕಣ್ಣಿಗೆ ಒಂದೇ. ಇಂಥವನು ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಗೊತ್ತೇ? ಸೀರೆಗೆ ಒಪ್ಪುವ ಕುಪ್ಪಸದ ಬಟ್ಟೆ ಮಾರುವ ಮ್ಯಾಚಿಂಗ್ ಸೆಂಟರ್! ವಿಜಯಪುರದಿಂದ ಬಂದ ಅಜ್ಜ ತೆರೆದಿದ್ದ ಅಂಗಡಿ ಅವನ ಪಾಲಿಗೆ ಬಂತು, ಅವನೇನು ಮಾಡಬೇಕು?

ಯಾವ ಬಣ್ಣ ಯಾವ ಖಾನೆಯಲ್ಲಿದೆ ಎಂಬುದನ್ನು ಮಾಮಾ ಬಾಯಿಪಾಠ ಮಾಡಿಟ್ಟಿದ್ದ. ಗಿರಾಕಿ ಸೀರೆ ಬಿಚ್ಚಿದ ಕೂಡಲೇ "ತಾಈ, ತುಮ್ಹೀಚ್ ಸಾಂಗಾ" ಎಂದು ಕೈಮುಗಿಯುತ್ತಿದ್ದ. ನೀವೇ ಹೇಳಿ ಎನ್ನುವ ಅಂಗಡಿಯವನು ಪುಣೆಯಲ್ಲಿ ಸಿಗುವುದುಂಟೇ? ಹೆಂಗಸರು ಹಿಗ್ಗಿ ಬಣ್ಣದ ಹೆಸರು ಹೇಳುತ್ತಿದ್ದರು, ಇವನು ಅಳೆದು ಕತ್ತರಿಸಿ ಕೊಡುತ್ತಿದ್ದ.

ಒಂದು ದೀಪಾವಳಿಗೆ ನಮ್ಮವ್ವ, ಅಂದರೆ ಅವನ ಅಕ್ಕ, ತಮ್ಮನ ಮೇಲಿನ ಪ್ರೀತಿಗೆ ಅಂಗಡಿ ಝಾಡಿಸಿ ಖಾನೆಗಳನ್ನೆಲ್ಲ ಚೆಂದಕ್ಕೆ ಬದಲಿಸಿದಳು. ಮರುದಿನ ಮದುಮಗಳ ಹಸಿರು ಸೀರೆಗೆ ಮಾಮಾ ಇಟ್ಟಂಗಿಯ ಕೆಂಪು ಬಣ್ಣದ ಬಟ್ಟೆ ಕೊಟ್ಟ. ಮದುಮಗಳ ತಾಯಿ ಜಗಳಕ್ಕೆ ಬಂದರೆ, ಮ್ಯಾಚಿಂಗ್ ಹಳೆಯದಾಯಿತು, ಈಗ ಕಾಂಟ್ರಾಸ್ಟ್ ನಡೆಯುತ್ತಿದೆ ಎಂದು ಗಂಭೀರವಾಗಿ ತಿಳಿಸಿದ. ಆಕೆ ಇನ್ನೆರಡು ಪೀಸ್ ಒಯ್ದಳು! ತಮ್ಮನಿಗೆ ಕೆಲಸದ ಮೇಲೆ ಗಮನವಿಲ್ಲ ಎಂದು ಅವ್ವ ಬೈದಳು. ಸಿಗ್ನಲ್ಲಿನಲ್ಲಂತೂ ಯಾರಿಗೂ ಅನುಮಾನ ಬರಲಿಲ್ಲ. ಪುಣೆಯಲ್ಲಿ ಸಿಗ್ನಲ್ ನೋಡಿ ಸ್ಕೂಟರ್ ಓಡಿಸುವವರಾದರೂ ಯಾರು?

ಹಾಗೆ ನೋಡಿದರೆ ಆ ಇಟ್ಟಂಗಿ ಕುಪ್ಪಸ ಸೀರೆಗೆ ಒಪ್ಪಿಯೇ ಇತ್ತಲ್ಲ ಎಂದು ನನಗೂ ಅನಿಸಿತ್ತು. ಅದರ ಅರ್ಥ ತಿಳಿದದ್ದು ರೈಲು ಓಡಿಸುವ ನೌಕರಿಗೆ ಪರೀಕ್ಷೆ ಪಾಸಾಗಿ, ಕಣ್ಣಿನ ತಪಾಸಣೆಗೆ ಕೂತಾಗ. ಬಣ್ಣದ ಚುಕ್ಕೆಗಳ ನಡುವೆ ಎಲ್ಲರಿಗೂ ಕಾಣುವ ಅಂಕಿ ನನಗೆ ಕಾಣಲಿಲ್ಲ. ಚಿಕ್ಕಂದಿನಿಂದ ಕಂಡ ಕನಸು ಅಲ್ಲಿಗೆ ಮುಗಿಯಿತು.

ನಾನು, ಅವ್ವ, ಮಾಮಾ ಡಾಕ್ಟರ ಬಳಿ ಹೋದೆವು. ಇದು ಮಗನಿಗೆ ತಾಯಿಯಿಂದ ಬರುತ್ತದೆ ಎಂದರು ಡಾಕ್ಟರು. ಅವ್ವನ ಮುಖ ಬಾಡಿತು. ಮುಂದಿನ ಮಾತು ಅವಳ ಕಿವಿಗೆ ಬೀಳಲಿಲ್ಲ. ಮಾಮಾನ ಕಿವಿಗೆ ಬಿದ್ದಿತ್ತು. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ತನ್ನ ವ್ಯಾಪಾರದ ಭಾಷೆಯಲ್ಲಿ ಬಿಡಿಸಿ ಹೇಳಿದ.

"ಹೆಣ್ಣಮಕ್ಕಳ ಹತ್ರ ಎರಡು ಪೀಸ್ ಇರ್ತಾವ. ಒಂದು ಡ್ಯಾಮೇಜ್ ಇದ್ರೂ ಇನ್ನೊಂದು ನಡಸ್ತದ. ಗಂಡಸಿಗೆ ಒಂದ ಪೀಸ್, ಅದೂ ತಾಯಿ ಕೊಟ್ಟದ್ದು. ಯಾವ್ದು ಕೊಡಬೇಕು ಅನ್ನೂದು ಆಕಿ ಕೈಯಾಗ ಇಲ್ಲ. ನಿಮ್ಮಜ್ಜಿಯಿಂದ ನಿಮ್ಮವ್ವಗ ಬಂತು, ನಿಮ್ಮವ್ವನಿಂದ ನಿನಗ."

ಡಾಕ್ಟರು ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆ ಅಜ್ಜಿ ತನಗೂ ತಾಯಿ ಎಂಬುದನ್ನು ಮಾತ್ರ ಜಾಣ ಮರೆತುಬಿಟ್ಟ!

ಅವ್ವ ಎರಡು ದಿನ ಉಣ್ಣಲಿಲ್ಲ. ಮಗನ ನೌಕರಿಯನ್ನು ತಾನೇ ಹಾಳು ಮಾಡಿದೆ ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ತಪ್ಪು ಯಾರದೂ ಅಲ್ಲ ಎಂದು ನಾನು ಹತ್ತು ಸಲ ಹೇಳಿದೆ. ಅಳು ಹೆಚ್ಚಾಯಿತೇ ಹೊರತು ನಿಲ್ಲಲಿಲ್ಲ. ನನಗೆ ರೈಲಿನ ದುಃಖಕ್ಕಿಂತ ಅವಳ ದುಃಖವೇ ದೊಡ್ಡದಾಯಿತು. ಮೂರನೆಯ ದಿನ ಮಾಮಾ ಅಂಗಡಿಗೆ ಬೀಗ ಹಾಕಿ ಬಂದು ಅಕ್ಕನ ಹಾಸಿಗೆಯ ಪಕ್ಕ ಕೂತ.

"ಅಕ್ಕಾ, ನನಗ ಬಣ್ಣ ಕಾಣಂಗಿಲ್ಲ. ಹುಟ್ಟಿದಾಗಿಂದ ಕಾಣಂಗಿಲ್ಲ. ಇವನ ಜಾವಳ ತಗಿಯೋ ದಿನ, ಸೋದರಮಾವ ಅಂತ ನನ್ನ ತೊಡಿ ಮ್ಯಾಲೆ ಕೂಡ್ಸಿದ್ರಲ್ಲ? ಮೊದಲ್ನೇ ಕೂದಲಾ ನಾನ ಕತ್ತರ್ಸಿದ್ದು. ಅವತ್ತ ನನ್ನಿಂದ ಇವಗ ಹತ್ತೇದ. ನಿಂದೇನೂ ಇಲ್ಲ. ಏಳು, ಉಣ್ಣು."

ಅವ್ವ ಎದ್ದು ಕೂತಳು. ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ, ಗೊತ್ತಿದ್ದರೆ ಬೇರೆಯವರ ತೊಡೆಯ ಮೇಲೆ ಕೂಡಿಸುತ್ತಿದ್ದೆನಲ್ಲ ಎಂದು ತಮ್ಮನಿಗೆ ಬಾಯಿಗೆ ಬಂದಂತೆ ಬೈದಳು. ಬೈಯುತ್ತ ಬೈಯುತ್ತಲೇ ತಟ್ಟೆ ಹತ್ತಿರ ಎಳೆದುಕೊಂಡಳು. ಮಾಮಾ ತಲೆ ತಗ್ಗಿಸಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ನನಗೆ ತಡೆಯಲಾಗದೆ, ಅದು ಹಾಗಲ್ಲ ಎನ್ನಲು ಬಾಯಿ ತೆರೆದೆ. ಅವನು ನನ್ನ ಮೊಣಕಾಲು ಒತ್ತಿ ಹಿಡಿದು ಪಿಸುಗುಟ್ಟಿದ:

"ಸುಮ್ನಿರು. ಉಣ್ಣಾಕತ್ಯಾಳ."